ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬೇಕಿದೆ ‘ಅನುಮತಿ ಪಟ್ಟಿ’

ಹುಣಸೂರು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ - ಹುಣಸೂರು ಕಂದಾಯ ಉಪವಿಭಾಗದ ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕಚೇರಿಗೆ ಹೋದರೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಕಿಟಕಿಯ ಹೊರಗೆ ಪಹಣಿಗಾಗಿ ಬಂದ ರೈತ, ಜಾತಿ ಪ್ರಮಾಣಪತ್ರಕ್ಕಾಗಿ ಬಂದ ವಿದ್ಯಾರ್ಥಿ, ಪಿಂಚಣಿಯ ಅರ್ಜಿ ಹಿಡಿದು ನಿಂತ ವೃದ್ಧೆ. ಒಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಬ್ಬ ಆಪರೇಟರ್. ಈ ಸಾಲಿನಲ್ಲಿ ನಿಂತವರು ಅತಿ ಹೆಚ್ಚು ಹೆದರುವ ಮಾತು ಒಂದೇ: ‘ಸಿಸ್ಟಂ ಕೆಲಸ ಮಾಡುತ್ತಿಲ್ಲ, ನಾಳೆ ಬನ್ನಿ.’

ಕಬಿನಿ ಹಿನ್ನೀರಿನಾಚೆಯ ಡಿ.ಬಿ. ಕುಪ್ಪೆ ಕಡೆಯಿಂದ ಎಚ್.ಡಿ. ಕೋಟೆಗೆ ಬಸ್ಸು ಹಿಡಿದು ಬಂದ ಆದಿವಾಸಿ ಕೂಲಿಕಾರನಿಗೆ ಈ ‘ನಾಳೆ’ ಎಂದರೆ ಇನ್ನೊಂದು ದಿನದ ಕೂಲಿ ನಷ್ಟ. ಸಿಸ್ಟಂ ನಿಲ್ಲಲು ಕಾರಣಗಳು ಹಲವು. ವಿದ್ಯುತ್ ಇಲ್ಲದಿರಬಹುದು, ಸಂಪರ್ಕ ಕಡಿದಿರಬಹುದು, ಬೆಂಗಳೂರಿನ ಸರ್ವರ್ ಕೈಕೊಟ್ಟಿರಬಹುದು. ಇವುಗಳ ಬಗ್ಗೆ ವಿಧಾನಸಭೆಯಲ್ಲೂ ಚರ್ಚೆಯಾಗುತ್ತದೆ. ಆದರೆ ಹೆಚ್ಚು ಚರ್ಚೆಗೆ ಬಾರದ ನಾಲ್ಕನೆಯ ಕಾರಣವೊಂದಿದೆ. ಅದು ಆ ಕಂಪ್ಯೂಟರಿನೊಳಗೆ ಅನುಮತಿಯಿಲ್ಲದೆ ಬಂದು ಕುಳಿತ ತಂತ್ರಾಂಶ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಉಚಿತ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಹಾಕಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಾಗೂ ಸಾಕಷ್ಟು ಹೊಸ ಪ್ರೊಸೆಸರ್ ಇರಬೇಕು. ಹಳೆಯ ಯಂತ್ರಗಳನ್ನು ಒಂದೇ ಏಟಿಗೆ ಬದಲಿಸುವುದು ಯಾವ ಸರ್ಕಾರಿ ಕಚೇರಿಗೂ ಸುಲಭವಲ್ಲ. ಈ ಹಿನ್ನೆಲೆಯಲ್ಲಿ, ಒಂದು ಸರ್ಕಾರಿ ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶ ಓಡಬೇಕು, ಯಾವುದು ಓಡಬಾರದು ಎಂಬುದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಹೊಸ ಮಹತ್ವ ಪಡೆದುಕೊಂಡಿದೆ.

ಮನುಷ್ಯನ ಬೆರಳಚ್ಚು, ತಂತ್ರಾಂಶದ ಬೆರಳಚ್ಚು

ಕರ್ನಾಟಕಕ್ಕೆ ಈ ಪ್ರಶ್ನೆಯ ಒಂದು ಅರ್ಧ ಹೊಸದಲ್ಲ. 2000-01ರ ಸುಮಾರಿಗೆ ‘ಭೂಮಿ’ ಯೋಜನೆ ಜಾರಿಗೆ ಬಂದಾಗ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳು ಶ್ಯಾನುಭೋಗರ ಕಾಲದ ಪುಸ್ತಕಗಳಿಂದ ಕಂಪ್ಯೂಟರಿಗೆ ಬಂದವು. ಅಲ್ಲಿಯವರೆಗೆ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗುವಂತಾಯಿತು. ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು.

ಆ ಯೋಜನೆಯ ಜಾಣ್ಮೆ ಇದ್ದುದು ಇನ್ನೊಂದು ಕಡೆ. ದಾಖಲೆಯಲ್ಲಿ ಬದಲಾವಣೆ ಮಾಡುವ ನೌಕರ ಕೇವಲ ಗುಪ್ತಪದ ಕೊಟ್ಟರೆ ಸಾಲದು, ತನ್ನ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ‘ನಾನು ಮಾಡಿದ್ದಲ್ಲ, ಯಾರೋ ನನ್ನ ಹೆಸರಿನಲ್ಲಿ ಮಾಡಿದ್ದಾರೆ’ ಎಂದು ನುಣುಚಿಕೊಳ್ಳುವ ದಾರಿಯನ್ನು ಮುಚ್ಚುವುದು ಇದರ ಉದ್ದೇಶ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನೂ ತಂತ್ರಾಂಶದೊಳಗೇ ಕಟ್ಟಲಾಗಿತ್ತು.

ಮನುಷ್ಯನನ್ನು ಗುರುತಿಸುವ ಕೆಲಸ ಹೀಗೆ ಆಯಿತು. ಆದರೆ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಮನುಷ್ಯ ಮಾತ್ರವಲ್ಲ. ಆತ ತೆರೆಯುವ ಪ್ರತಿಯೊಂದು ತಂತ್ರಾಂಶವೂ ಆತನ ಅಧಿಕಾರವನ್ನು ಹೊತ್ತುಕೊಂಡೇ ಓಡುತ್ತದೆ. ಆಪರೇಟರ್ ಸರಿಯಾದ ಗುರುತು ಕೊಟ್ಟು ಒಳಗೆ ಹೋದ ಮೇಲೆ, ಅವನ ಬೆನ್ನ ಹಿಂದೆಯೇ ಬಂದ ದುಷ್ಟ ತಂತ್ರಾಂಶಕ್ಕೂ ಅದೇ ಬಾಗಿಲು ತೆರೆದಿರುತ್ತದೆ. ಅಧಿಕಾರಿಯ ಡಿಜಿಟಲ್ ಸಹಿಯ ಟೋಕನ್ ಯಂತ್ರಕ್ಕೆ ಚುಚ್ಚಿದಂತೆಯೇ ಇದ್ದರೆ ಅಪಾಯ ಇಮ್ಮಡಿಯಾಗುತ್ತದೆ. ಕಾಗದದ ಕಾಲದಲ್ಲಿ ಮೊಹರನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಹಾಗಾಗಿ ಮನುಷ್ಯನ ಬೆರಳಚ್ಚಿನ ಜೊತೆಗೆ ತಂತ್ರಾಂಶದ ಬೆರಳಚ್ಚನ್ನೂ ಕೇಳಬೇಕು ಎಂಬುದು ಭದ್ರತಾ ತಜ್ಞರ ವಾದ. ಇದು ಅಲಂಕಾರದ ಮಾತಲ್ಲ. ಪ್ರತಿಯೊಂದು ತಂತ್ರಾಂಶದ ಕಡತಕ್ಕೂ ಗಣಿತ ಸೂತ್ರದ ಮೂಲಕ ‘ಹ್ಯಾಶ್’ ಎಂಬ ಗುರುತನ್ನು ಲೆಕ್ಕ ಹಾಕಬಹುದು. ಕಡತದ ಒಂದು ಅಕ್ಷರ ಬದಲಾದರೂ ಆ ಗುರುತು ಪೂರಾ ಬದಲಾಗುತ್ತದೆ.

ಬೇಡದವರ ಪಟ್ಟಿ, ಬೇಕಾದವರ ಪಟ್ಟಿ

ನಮ್ಮ ಬಹುತೇಕ ಕಂಪ್ಯೂಟರುಗಳನ್ನು ಕಾಯುವ ಆ್ಯಂಟಿವೈರಸ್ ಕೆಲಸ ಮಾಡುವುದು ಮುಖ್ಯವಾಗಿ ‘ಬೇಡದವರ ಪಟ್ಟಿ’ಯ ಆಧಾರದ ಮೇಲೆ. ತಿಳಿದಿರುವ ಕಳ್ಳರ ಭಾವಚಿತ್ರಗಳನ್ನು ಠಾಣೆಯ ಗೋಡೆಗೆ ಅಂಟಿಸಿದಂತೆ. ಇಂದಿನ ಆ್ಯಂಟಿವೈರಸ್ ತಂತ್ರಾಂಶಗಳು ಅನುಮಾನಾಸ್ಪದ ನಡವಳಿಕೆಯನ್ನೂ ಗಮನಿಸುತ್ತವೆ, ನಿಜ. ಆದರೂ ನಿನ್ನೆ ರಾತ್ರಿ ಹುಟ್ಟಿದ ಹೊಸ ಕಳ್ಳ ಅವುಗಳ ಕಣ್ಣು ತಪ್ಪಿಸುವ ಸಾಧ್ಯತೆ ಸದಾ ಇದ್ದೇ ಇರುತ್ತದೆ. ‘ಅನುಮತಿ ಪಟ್ಟಿ’ಯ ತರ್ಕ ಇದಕ್ಕೆ ತದ್ವಿರುದ್ಧ. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಪ್ರವೇಶ. ಉಳಿದವರು ಕಳ್ಳರೋ ಸಂಭಾವಿತರೋ ಎಂಬ ವಿಚಾರಣೆಯೇ ಇಲ್ಲ.

ಈ ನಾಲ್ಕು ತಾಲ್ಲೂಕುಗಳ ಜನರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಮುಖ್ಯ ವಾಣಿಜ್ಯ ಬೆಳೆ ವರ್ಜೀನಿಯಾ ಹೊಗೆಸೊಪ್ಪು. 1975ರ ಕಾಯ್ದೆಯಡಿ ರಚನೆಯಾದ ತಂಬಾಕು ಮಂಡಳಿಯಲ್ಲಿ ನೋಂದಾಯಿಸಿಕೊಂಡು, ಬ್ಯಾರನ್‌ಗೆ ಪರವಾನಗಿ ಪಡೆದ ಬೆಳೆಗಾರ ಮಾತ್ರ ನಿಗದಿತ ಪ್ರಮಾಣದ ಸೊಪ್ಪನ್ನು ಹರಾಜಿಗೆ ತರಬೇಕೆಂಬುದು ನಿಯಮ. ಕರ್ನಾಟಕದಲ್ಲಿ 1984ರಿಂದ ಹರಾಜು ನಡೆಯುತ್ತಿದೆ. ಆದರೆ ಪರವಾನಗಿ ಇಲ್ಲದ ಬೆಳೆಗಾರರೂ ಇದ್ದಾರೆ, ಮಿತಿ ಮೀರಿ ಬೆಳೆದವರೂ ಇದ್ದಾರೆ. ಹೊಲದಲ್ಲಿ ಬೆಳೆದು ನಿಂತ ಸೊಪ್ಪನ್ನು ಏನು ಮಾಡುವುದು? ದಂಡ ವಿಧಿಸಿಯೋ, ದಂಡದಲ್ಲಿ ರಿಯಾಯಿತಿ ನೀಡಿಯೋ ಅದರ ಮಾರಾಟಕ್ಕೂ ಅವಕಾಶ ಕೊಟ್ಟ ವರ್ಷಗಳು ಹಲವು.

ಕಂಪ್ಯೂಟರಿನ ಅನುಮತಿ ಪಟ್ಟಿಗೆ ಈ ಉದಾಹರಣೆಯಲ್ಲಿ ಎರಡು ಪಾಠಗಳಿವೆ. ಪಟ್ಟಿ ಇದ್ದರೆ ಶಿಸ್ತು ಬರುತ್ತದೆ ಎಂಬುದು ಮೊದಲನೆಯದು. ನೆಲದ ವಾಸ್ತವಕ್ಕೆ ಹೊಂದದ ಪಟ್ಟಿಯಲ್ಲಿ ವಿನಾಯಿತಿಗಳೇ ನಿಯಮವಾಗಿಬಿಡುತ್ತವೆ ಎಂಬುದು ಎರಡನೆಯದು. ಎರಡನೆಯ ಪಾಠವನ್ನು ಮರೆತ ಕಚೇರಿಗಳಲ್ಲಿ ಅನುಮತಿ ಪಟ್ಟಿ ಹೆಚ್ಚು ದಿನ ಬಾಳುವುದಿಲ್ಲ.

ವಿಂಡೋಸ್‌ನೊಳಗೇ ಇರುವ ಬೀಗ

ಈ ವ್ಯವಸ್ಥೆಗೆ ಕೋಟಿಗಟ್ಟಲೆ ರೂಪಾಯಿಯ ಹೊಸ ಖರೀದಿ ಅನಿವಾರ್ಯವಲ್ಲ ಎಂಬುದು ಗಮನಾರ್ಹ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತಂತ್ರಾಂಶಗಳನ್ನು ನಿರ್ಬಂಧಿಸುವ ನೀತಿಯನ್ನು ರೂಪಿಸುವ ಅವಕಾಶವಿತ್ತು. 2009ರ ವಿಂಡೋಸ್ 7ರೊಂದಿಗೆ ‘ಆ್ಯಪ್‌ಲಾಕರ್’ ಬಂದಿತು. ಆರಂಭದಲ್ಲಿ ಅದು ದುಬಾರಿ ಆವೃತ್ತಿಗಳಿಗೆ ಸೀಮಿತವಾಗಿತ್ತು. ಮುಂದಿನ ವರ್ಷಗಳಲ್ಲಿ ಕಂಪನಿ ಆ ಮಿತಿಯನ್ನು ಸಡಿಲಿಸಿತು. ವಿಂಡೋಸ್ 10ರ ಕಾಲದಲ್ಲಿ ಇದಕ್ಕಿಂತ ಬಿಗಿಯಾದ ಇನ್ನೊಂದು ವ್ಯವಸ್ಥೆ ಸೇರಿತು. ಅದರ ಈಗಿನ ಹೆಸರು ‘ಆ್ಯಪ್ ಕಂಟ್ರೋಲ್ ಫಾರ್ ಬಿಸಿನೆಸ್’. ಮನೆಬಳಕೆಯ ಯಂತ್ರಗಳಿಗಾಗಿ 2022ರಲ್ಲಿ ವಿಂಡೋಸ್ 11ಕ್ಕೆ ‘ಸ್ಮಾರ್ಟ್ ಆ್ಯಪ್ ಕಂಟ್ರೋಲ್’ ಬಂದಿತು.

ಆ್ಯಪ್‌ಲಾಕರ್‌ನಲ್ಲಿ ನಿಯಮ ರೂಪಿಸಲು ಮೂರು ದಾರಿಗಳಿವೆ. ತಂತ್ರಾಂಶ ಇರುವ ಜಾಗವನ್ನು ನೋಡಿ ಅನುಮತಿ ಕೊಡುವುದು ಒಂದು. ತಯಾರಕರ ಡಿಜಿಟಲ್ ಸಹಿಯನ್ನು ನೋಡಿ ಕೊಡುವುದು ಇನ್ನೊಂದು. ಮೇಲೆ ಹೇಳಿದ ಹ್ಯಾಶ್ ನೋಡಿ ಕೊಡುವುದು ಮೂರನೆಯದು. ಜಾಗದ ನಿಯಮ ಸುಲಭ, ಆದರೆ ಸಡಿಲ. ಆ ಜಾಗಕ್ಕೆ ಸಾಮಾನ್ಯ ಬಳಕೆದಾರನೂ ಕಡತ ಹಾಕಬಹುದಾದರೆ ಬೀಗ ಹಾಕಿಯೂ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ. ಹ್ಯಾಶ್ ನಿಯಮ ಅತಿ ಬಿಗಿ, ಆದರೆ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಪಟ್ಟಿಯನ್ನು ತಿದ್ದಬೇಕು. ತಯಾರಕರ ಸಹಿಯ ನಿಯಮ ಎರಡರ ನಡುವಿನದು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ನಿತ್ಯದ ಕೆಲಸಕ್ಕೆ ‘ಅಡ್ಮಿನಿಸ್ಟ್ರೇಟರ್’ ಖಾತೆಯನ್ನು ಬಳಸುವ ಅಭ್ಯಾಸ ನಿಲ್ಲಬೇಕು. ಯಜಮಾನನ ಅಧಿಕಾರದಲ್ಲಿ ಕುಳಿತವನು ಯಾವ ಬೀಗವನ್ನಾದರೂ ತೆಗೆಯಬಲ್ಲ, ಅವನ ಹೆಸರಿನಲ್ಲಿ ಓಡುವ ವೈರಸ್ ಕೂಡ ತೆಗೆಯಬಲ್ಲುದು. 2022ರ ಜೂನ್‌ನಲ್ಲಿ ಸರ್ಕಾರಿ ನೌಕರರಿಗಾಗಿ ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಮಾರ್ಗಸೂಚಿಯೂ ಸಾಮಾನ್ಯ ಖಾತೆಯನ್ನೇ ಬಳಸಬೇಕು, ನಕಲಿ ತಂತ್ರಾಂಶಗಳನ್ನು ಹಾಕಬಾರದು, ಅನಧಿಕೃತ ದೂರನಿಯಂತ್ರಣ ತಂತ್ರಾಂಶಗಳನ್ನು ಬಳಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ.

ಈ ವರದಿಗಾರನ ಅನುಭವವೊಂದನ್ನು ಇಲ್ಲಿ ಹೇಳಬಹುದು. ಕೆಲವು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರ ಡಿಟಿಪಿ ಅಂಗಡಿಯಲ್ಲಿ ಸುದ್ದಿಯ ಕಡತಕ್ಕೆಂದು ಪೆನ್‌ಡ್ರೈವ್ ಕೊಟ್ಟು ವಾಪಸು ಪಡೆದಾಗ, ಅದರಲ್ಲಿದ್ದ ಎಲ್ಲ ಫೋಲ್ಡರುಗಳೂ ಶಾರ್ಟ್‌ಕಟ್‌ಗಳಾಗಿ ಮಾರ್ಪಟ್ಟಿದ್ದವು. ಅಂಗಡಿಯಾತ ‘ಇದು ಎಲ್ಲ ಕಡೆ ಇದೆ ಸಾರ್, ಏನೂ ಆಗಲ್ಲ’ ಎಂದು ಸಮಾಧಾನ ಹೇಳಿದ. ಅದೇ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಸಿದ ಪೆನ್‌ಡ್ರೈವ್‌ಗಳು ಮುಂದೆ ಎಲ್ಲಿಗೆ ಹೋಗುತ್ತಿದ್ದವು ಎಂಬುದನ್ನು ಊಹಿಸಲು ಕಷ್ಟಪಡಬೇಕಾಗಿಲ್ಲ.

ಎಟಿಎಂ ಕಲಿಸಿದ ಪಾಠ

ಅನುಮತಿ ಪಟ್ಟಿ ಕಾಗದದ ಮೇಲಿನ ಆದರ್ಶ ಮಾತ್ರವಲ್ಲ ಎಂಬುದಕ್ಕೆ ಸಾಕ್ಷಿ ಪ್ರತಿ ಊರಿನ ಬಸ್ ನಿಲ್ದಾಣದ ಬಳಿಯೇ ಇದೆ. ಎಟಿಎಂ ಯಂತ್ರದೊಳಗೆ ಇರುವುದು ಕೂಡ ಸಾಮಾನ್ಯವಾಗಿ ಒಂದು ವಿಂಡೋಸ್ ಕಂಪ್ಯೂಟರ್. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತ ಮೇಲೂ ದೇಶದ ಅನೇಕ ಎಟಿಎಂಗಳು ಅದರ ಮೇಲೆಯೇ ನಡೆಯುತ್ತಿದ್ದವು. ಅದೇ ವರ್ಷ ‘ಟ್ಯೂಪ್ಕಿನ್’ ಎಂಬ ದುಷ್ಟ ತಂತ್ರಾಂಶ ಪೂರ್ವ ಯುರೋಪಿನ ಎಟಿಎಂಗಳಿಂದ ಕಾರ್ಡೇ ಇಲ್ಲದೆ ಹಣ ಸುರಿಸಿದ ಸಂಗತಿ ಬೆಳಕಿಗೆ ಬಂದಿತ್ತು.

ಭಾರತೀಯ ರಿಸರ್ವ್ ಬ್ಯಾಂಕ್ 2016ರ ಜೂನ್ 2ರ ಸೈಬರ್ ಭದ್ರತಾ ಚೌಕಟ್ಟಿನಲ್ಲೇ ಅನುಮತಿ ಪಟ್ಟಿಯನ್ನು ಪರಿಶೀಲಿಸುವಂತೆ ಬ್ಯಾಂಕುಗಳಿಗೆ ಹೇಳಿತ್ತು. ಬ್ಯಾಂಕುಗಳ ನಿಧಾನಗತಿಯನ್ನು ಕಂಡು 2018ರ ಜೂನ್ 21ರಂದು ಗಡುವು ಸಹಿತ ಸುತ್ತೋಲೆ ಹೊರಡಿಸಿತು. ಯುಎಸ್‌ಬಿ ಕಿಂಡಿಗಳನ್ನು ನಿಷ್ಕ್ರಿಯಗೊಳಿಸುವ ಕೆಲಸ ಆಗಸ್ಟ್ ಒಳಗೆ ಮುಗಿಯಬೇಕು, 2019ರ ಮಾರ್ಚ್ ಒಳಗೆ ಎಟಿಎಂಗಳಿಗೆ ಅನುಮತಿ ಪಟ್ಟಿ ಬರಬೇಕು, ಜೂನ್ ಒಳಗೆ ಎಲ್ಲ ಯಂತ್ರಗಳೂ ಬೆಂಬಲವಿರುವ ಕಾರ್ಯಾಚರಣ ವ್ಯವಸ್ಥೆಗೆ ಬದಲಾಗಬೇಕು ಎಂಬುದು ಅದರ ಸಾರ. ನೂರು ರೂಪಾಯಿ ನೋಟು ಕೊಡುವ ಪೆಟ್ಟಿಗೆಗೆ ಇಷ್ಟು ಬಿಗಿ ಬೇಕೆಂದರೆ, ಎರಡು ಎಕರೆ ಗದ್ದೆಯ ಒಡೆತನ ಯಾರದ್ದೆಂದು ಹೇಳುವ ಪೆಟ್ಟಿಗೆಗೆ ಎಷ್ಟು ಬೇಕು ಎಂಬುದು ಸಹಜ ಪ್ರಶ್ನೆ.

ಆದರೆ ಎಟಿಎಂಗೂ ತಾಲ್ಲೂಕು ಕಚೇರಿಯ ಯಂತ್ರಕ್ಕೂ ಒಂದು ವ್ಯತ್ಯಾಸವಿದೆ. ಎಟಿಎಂ ವರ್ಷವಿಡೀ ಒಂದೇ ಕೆಲಸ ಮಾಡುತ್ತದೆ, ಅದರ ಪಟ್ಟಿ ಚಿಕ್ಕದು. ಕಚೇರಿಯ ಯಂತ್ರ ಬೆಳಗ್ಗೆ ಪಹಣಿ ಮುದ್ರಿಸಿ, ಮಧ್ಯಾಹ್ನ ಚುನಾವಣಾ ಪಟ್ಟಿ ತಿದ್ದಿ, ಸಂಜೆ ಬೆಳೆ ಹಾನಿಯ ವರದಿ ಟೈಪ್ ಮಾಡುತ್ತದೆ. ಅದರ ಪಟ್ಟಿ ದೊಡ್ಡದು, ಕಾಯುವುದೂ ಕಷ್ಟ.

ಬೈಲಕುಪ್ಪೆಗೆ ದೂರವಲ್ಲದ ಅಪಾಯ

‘ನಮ್ಮಂಥ ಸಣ್ಣ ಊರಿನ ಕಂಪ್ಯೂಟರ್ ಯಾರಿಗೆ ಬೇಕು’ ಎಂಬ ಉದಾಸೀನಕ್ಕೆ ಉತ್ತರವೊಂದು ಪಿರಿಯಾಪಟ್ಟಣ ತಾಲ್ಲೂಕಿಗೆ ಅಪರಿಚಿತವಲ್ಲದ ಸಮುದಾಯದ ಇತಿಹಾಸದಲ್ಲಿದೆ. 1960ರ ದಶಕದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಧರ್ಮಗುರು ದಲೈಲಾಮಾ ಅವರ ಧರ್ಮಶಾಲಾ ಕಚೇರಿಯ ಕಂಪ್ಯೂಟರುಗಳಿಗೆ ಗೂಢಚಾರ ತಂತ್ರಾಂಶ ನುಗ್ಗಿದ್ದನ್ನು 2009ರ ಮಾರ್ಚ್‌ನಲ್ಲಿ ಕೆನಡಾದ ಸಂಶೋಧಕರು ಬಯಲಿಗೆಳೆದರು. ‘ಘೋಸ್ಟ್‌ನೆಟ್’ ಎಂದು ಅವರು ಹೆಸರಿಟ್ಟ ಆ ಜಾಲ 103 ದೇಶಗಳ 1,295 ಕಂಪ್ಯೂಟರುಗಳನ್ನು ಹಿಡಿದಿಟ್ಟಿತ್ತು. ಅದರ ದಾರಿ ಸರಳವಾಗಿತ್ತು: ಪರಿಚಿತರಿಂದ ಬಂದಂತೆ ತೋರುವ ಇಮೇಲ್, ಅದಕ್ಕೆ ಲಗತ್ತಿಸಿದ ಒಂದು ಕಡತ. ತೆರೆದೊಡನೆ ಹಿಂಬಾಗಿಲಿನಿಂದ ತಂತ್ರಾಂಶ ಬಂದು ಕೂರುತ್ತಿತ್ತು.

ಅನುಮತಿ ಪಟ್ಟಿ ಇಂಥ ಕಡೆ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ಕಡತವನ್ನು ತೆರೆದ ತಪ್ಪು ಆಗಿಹೋದರೂ, ಅದು ತಂದಿಳಿಸುವ ಅಪರಿಚಿತ ತಂತ್ರಾಂಶಕ್ಕೆ ಓಡಲು ಅನುಮತಿ ಸಿಗುವುದಿಲ್ಲ. ಮನುಷ್ಯನ ಎಡವುವಿಕೆಗೆ ಯಂತ್ರ ಊರುಗೋಲು ಕೊಡುತ್ತದೆ ಎಂಬುದೇ ಇದರ ದೊಡ್ಡ ಉಪಯೋಗ. ಸರ್ಕಾರಿ ವ್ಯವಸ್ಥೆಗಳಿಗೆ ಸಲಹೆ ನೀಡುವ ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆ, ತನ್ನ ಮುಖ್ಯ ನಾಲ್ಕು ಕ್ರಮಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟಿತ್ತು. ಆ ನಾಲ್ಕನ್ನೂ ಪಾಲಿಸಿದರೆ ತಾನು ಎದುರಿಸುವ ದಾಳಿಗಳಲ್ಲಿ ಶೇ 85ರಷ್ಟನ್ನು ತಡೆಯಬಹುದೆಂದು ಅದು ಹೇಳಿತ್ತು.

ಆದರೆ ಇದು ಸರ್ವರೋಗ ನಿವಾರಕವಲ್ಲ. ಪಟ್ಟಿಯಲ್ಲಿರುವ ಸಭ್ಯ ತಂತ್ರಾಂಶಗಳನ್ನೇ ದುರುಪಯೋಗ ಮಾಡಿಕೊಳ್ಳುವ ದಾಳಿಗಳಿವೆ. ವರ್ಡ್ ಕಡತದೊಳಗಿನ ಮ್ಯಾಕ್ರೋ, ವಿಂಡೋಸ್‌ನದೇ ಆದ ಪವರ್‌ಶೆಲ್ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. 2024ರ ಜುಲೈ ಅಂತ್ಯದಲ್ಲಿ ಸಿ-ಎಡ್ಜ್ ಎಂಬ ಸೇವಾ ಕಂಪನಿಯ ಮೇಲೆ ದಾಳಿ ನಡೆದು ದೇಶದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ಸ್ಥಗಿತಗೊಂಡಿತು. ಅಲ್ಲಿ ತೊಂದರೆ ಹುಟ್ಟಿದ್ದು ಶಾಖೆಯ ಕಂಪ್ಯೂಟರಿನಲ್ಲಲ್ಲ, ಸೇವಾ ಕಂಪನಿಯ ವ್ಯವಸ್ಥೆಯಲ್ಲಿ. ಶಾಖೆಯ ಪಟ್ಟಿ ಎಷ್ಟೇ ಬಿಗಿಯಾಗಿದ್ದರೂ ಅದನ್ನು ತಡೆಯುತ್ತಿರಲಿಲ್ಲ.

ಬೇಲಿಯಾಚೆ ಕನ್ನಡವೇ ಉಳಿದರೆ?

ಅನುಮತಿ ಪಟ್ಟಿಯ ಚರ್ಚೆ ದೆಹಲಿಯಲ್ಲೋ ಅಮೆರಿಕದಲ್ಲೋ ನಡೆದಾಗ ಏಳದ ಪ್ರಶ್ನೆಯೊಂದು ಇಲ್ಲಿ ಏಳುತ್ತದೆ. ಕರ್ನಾಟಕದ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡಲು ಎರಡು ದಶಕಗಳಿಂದ ಬಳಕೆಯಲ್ಲಿರುವುದು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’. ‘ಬರಹ’ಕ್ಕೂ ದೊಡ್ಡ ಬಳಗವಿದೆ. ಇಂಥ ತಂತ್ರಾಂಶಗಳ ಕೆಲಸದ ರೀತಿ ವಿಶಿಷ್ಟವಾದದ್ದು. ಬಳಕೆದಾರ ಒತ್ತುವ ಪ್ರತಿಯೊಂದು ಕೀಲಿಯನ್ನೂ ಅವು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿ ಮಾರ್ಪಡಿಸುತ್ತವೆ. ಗುಪ್ತಪದ ಕದಿಯುವ ದುಷ್ಟ ತಂತ್ರಾಂಶವೂ ಕೀಲಿಗಳನ್ನು ಹಿಡಿಯುವುದು ಹೀಗೆಯೇ. ಉದ್ದೇಶ ಬೇರೆ, ನಡವಳಿಕೆ ಒಂದೇ.

ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕುಳಿತು ಪಟ್ಟಿ ರೂಪಿಸುವ ಅಧಿಕಾರಿ ದೊಡ್ಡ ಕಂಪನಿಗಳ ಡಿಜಿಟಲ್ ಸಹಿ ಇರುವ ತಂತ್ರಾಂಶಗಳಿಗೆ ಮಾತ್ರ ಅನುಮತಿ ಕೊಟ್ಟು ಸುಮ್ಮನಾದರೆ, ಮರುದಿನ ಬೆಳಗ್ಗೆ ಕೆ.ಆರ್. ನಗರದ ಗುಮಾಸ್ತ ಒಂದು ಸಾಲು ಕನ್ನಡ ಬರೆಯಲಾಗದೆ ಕೂರಬೇಕಾಗುತ್ತದೆ. ವಿಂಡೋಸ್‌ನಲ್ಲೇ ಈಗ ಕನ್ನಡ ಕೀಲಿಮಣೆ ಇದೆ. 2019ರಿಂದ ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯ ಮೂಲಕ ಕನ್ನಡ ಮೂಡಿಸುವ ಸೌಲಭ್ಯವೂ ಸೇರಿದೆ. ಆದರೆ ಹಳೆಯ ನುಡಿ ಅಕ್ಷರಶೈಲಿಗಳಲ್ಲಿರುವ ಸಾವಿರಾರು ಕಡತಗಳನ್ನು ತೆರೆಯಲು, ತಿದ್ದಲು ಹಳೆಯ ಸಾಧನಗಳೇ ಬೇಕು. ಒಮ್ಮೆ ಕೆಲಸ ನಿಂತಿತೆಂದರೆ ‘ಮೊದಲು ಆ ಲಾಕ್ ತೆಗೆಸಿ’ ಎಂಬ ಒತ್ತಡ ತಹಶೀಲ್ದಾರರವರೆಗೆ ಹೋಗುತ್ತದೆ, ಬೇಲಿ ಅಲ್ಲಿಗೇ ಬೀಳುತ್ತದೆ. ಆದ್ದರಿಂದ ರಾಜ್ಯದ ಯಾವುದೇ ಅನುಮತಿ ಪಟ್ಟಿಯಲ್ಲಿ ಕನ್ನಡದ ಸಾಧನಗಳ ಹೆಸರು ಮೊದಲ ಸಾಲಿನಲ್ಲಿರಬೇಕು. ಅವುಗಳ ಅಧಿಕೃತ ಪ್ರತಿ ಒಂದೇ ಕಡೆ ದೊರೆಯಬೇಕು, ಅದಕ್ಕೆ ಡಿಜಿಟಲ್ ಸಹಿ ಇರಬೇಕು. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಾರುವ ಪ್ರತಿಗಳ ಕಾಲ ಮುಗಿಯಬೇಕು.

ಕೀಲಿ ಯಾರ ಕೈಯಲ್ಲಿ?

ಕೊನೆಗೆ ಉಳಿಯುವುದು ಅಧಿಕಾರದ ಪ್ರಶ್ನೆ. ಪಟ್ಟಿಯ ಕೀಲಿ ಪೂರಾ ರಾಜಧಾನಿಯಲ್ಲಿದ್ದರೆ, ಪಿರಿಯಾಪಟ್ಟಣದಲ್ಲಿ ಹೊಸ ಪ್ರಿಂಟರ್ ಬಂದ ದಿನ ಅದರ ತಂತ್ರಾಂಶಕ್ಕೆ ಅನುಮತಿ ಸಿಗಲು ವಾರ ಹಿಡಿಯಬಹುದು. ಕೀಲಿ ಪೂರಾ ಆಪರೇಟರ್ ಕೈಯಲ್ಲಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ. ಆಪರೇಟರುಗಳಲ್ಲಿ ಅನೇಕರು ಹೊರಗುತ್ತಿಗೆಯವರು. ಅಧಿಕಾರ ಕೊಡದೆ ಹೊಣೆಯನ್ನು ಮಾತ್ರ ಅವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಬಿಗಿ ಹೆಚ್ಚಾದರೂ ಅಪಾಯವೇ ಎಂಬುದನ್ನು 2024ರ ಜುಲೈ 19 ತೋರಿಸಿಕೊಟ್ಟಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ದೋಷಪೂರ್ಣ ಪರಿಷ್ಕರಣೆಯಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಕಾವಲುಗಾರನೇ ಬಾಗಿಲಿಗೆ ಅಡ್ಡ ಬಿದ್ದರೆ ಒಳಗಿದ್ದವರೂ ಹೊರಗೆ ಬರಲಾರರು.

ಇನ್ನೂ ಒಂದು ತೊಡಕಿದೆ. ಸೇವೆಗಳೀಗ ಸರ್ಕಾರಿ ಕಟ್ಟಡದೊಳಗೆ ಮಾತ್ರ ಸಿಗುವುದಿಲ್ಲ. ಗ್ರಾಮ ಒನ್ ಕೇಂದ್ರಗಳನ್ನು ಖಾಸಗಿ ಫ್ರಾಂಚೈಸಿಗಳು ನಡೆಸುತ್ತಿದ್ದಾರೆ. ಗ್ರಾಮ ಆಡಳಿತಾಧಿಕಾರಿಗಳು ಹತ್ತಾರು ಆ್ಯಪ್‌ಗಳ ಹೊರೆಯ ವಿರುದ್ಧ, ಮೂಲಸೌಕರ್ಯಕ್ಕಾಗಿ 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರವನ್ನೇ ಹೂಡಿದ್ದರು. ಖಾಸಗಿ ಯಂತ್ರ, ಸ್ವಂತ ಮೊಬೈಲ್‌ಗಳಲ್ಲಿ ಸರ್ಕಾರಿ ಕೆಲಸ ನಡೆಯುವಷ್ಟು ಕಾಲ ಕಚೇರಿಯೊಳಗಿನ ಬೇಲಿ ಅರ್ಧ ಬೇಲಿಯೇ.

ಹಾಗಾದರೆ ಆಗಬೇಕಾದದ್ದೇನು? ಮೊದಲು ಒಂದು ತಾಲ್ಲೂಕಿನಲ್ಲಿ, ಏನನ್ನೂ ತಡೆಯದೆ ಕೇವಲ ದಾಖಲಿಸುವ ‘ಆಡಿಟ್’ ವಿಧಾನದಲ್ಲಿ ಪಟ್ಟಿಯನ್ನು ಕೆಲವು ತಿಂಗಳು ಓಡಿಸಬಹುದು. ಯಾವ ತಂತ್ರಾಂಶ ನಿಜಕ್ಕೂ ಬೇಕು, ಯಾವುದು ಸುಮ್ಮನೆ ಬಂದು ಕುಳಿತಿದೆ ಎಂಬ ಲೆಕ್ಕ ಆಗ ಸಿಗುತ್ತದೆ. ಚುನಾವಣೆ, ಬೆಳೆ ಸಮೀಕ್ಷೆಯಂಥ ಋತುಮಾನದ ಕೆಲಸಗಳೂ ಅದರಲ್ಲಿ ಸೇರಬೇಕು. ತಡೆ ಜಾರಿಯಾದ ಮೇಲೆ ಉಪವಿಭಾಗ ಮಟ್ಟದಲ್ಲಿ ಹೆಸರು ಹೇಳಿ ಗೊತ್ತುಮಾಡಿದ ಒಬ್ಬ ಅಧಿಕಾರಿ ಅದೇ ದಿನ ವಿನಾಯಿತಿ ಕೊಡುವ ಅಧಿಕಾರ ಹೊಂದಿರಬೇಕು. ಕೊಟ್ಟ ಪ್ರತಿ ವಿನಾಯಿತಿಯೂ ಕಾರಣ ಸಹಿತ ದಾಖಲಾಗಬೇಕು, ಅವಧಿ ಮುಗಿದೊಡನೆ ತಾನಾಗಿ ರದ್ದಾಗಬೇಕು. ರಾಜ್ಯ ಸರ್ಕಾರ 2024ರ ಆಗಸ್ಟ್‌ನಲ್ಲಿ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿದೆ. ಆ ನೀತಿ ತಾಲ್ಲೂಕು ಕಚೇರಿಯ ಕಿಟಕಿಯವರೆಗೆ ಇಳಿದು ಬರುವುದು ಇಂಥ ಸಣ್ಣ ನಿಯಮಗಳ ಮೂಲಕವೇ.

ಕಾಲು ಶತಮಾನದ ಹಿಂದೆ ಭೂಮಿ ಯೋಜನೆ ಬಂದಾಗ ರೈತನಿಗೆ ಕೊಟ್ಟ ಭರವಸೆ ಒಂದೇ ಆಗಿತ್ತು: ನಿನ್ನ ಜಮೀನಿನ ದಾಖಲೆಯನ್ನು ನಿನಗೆ ಗೊತ್ತಿಲ್ಲದೆ ಯಾರೂ ಮುಟ್ಟಲಾರರು. ಅಂದು ‘ಯಾರೂ’ ಎಂದರೆ ಮನುಷ್ಯರು ಎಂದಷ್ಟೇ ಅರ್ಥವಿತ್ತು. ಇಂದು ಆ ಮಾತಿನಲ್ಲಿ ತಂತ್ರಾಂಶಗಳೂ ಸೇರಬೇಕಾಗಿದೆ. ಇಲ್ಲವಾದರೆ ಕಿಟಕಿಯ ಹೊರಗೆ ನಿಂತವನಿಗೆ ‘ನಾಳೆ ಬನ್ನಿ’ ಎಂಬ ಉತ್ತರ ತಪ್ಪುವುದಿಲ್ಲ.